ಉಡುಪಿ ಸೀಮೆಯ ಬಾಡಿಗೆವಾಹನಗಳೂ ತರಪಣ್ಯದ ನ್ಯಾಯವೂ

ನದಿಯನ್ನು ದಾಟಿಸುವವನಿಗೆ ಸಲ್ಲತಕ್ಕ ಕೂಲಿಯನ್ನು ಅಮರಸಿಂಹನು ಆತರವೆಂದೂ ತರಪಣ್ಯವೆಂದೂ ಕರೆದಿದ್ದಾನೆ. ಈ ಕೂಲಿಯನ್ನು ಗೊತ್ತುಮಾಡುವ ಅಧಿಕಾರ ಯಾರದು, ದಾರಿಯಲ್ಲಿ ಹಾನಿಯಾದರೆ ಹೊಣೆ ಯಾರದು ಎಂಬೆರಡು ಪ್ರಶ್ನೆಗಳನ್ನು ಪ್ರಾಚೀನ ಶಾಸ್ತ್ರಕಾರರು ವಿಚಾರಿಸಿರುವರು. ಸ್ಟ್ಯಾಂಡಿನ ಟ್ಯಾಕ್ಸಿಗಳಿಗೂ ಮೊಬೈಲ್ ಆ್ಯಪ್‌ಗಳಿಗೂ ಈಚೆಗೆ ಉಂಟಾಗಿರುವ ಸ್ಪರ್ಧೆಯಲ್ಲಿ ಅವೇ ಪ್ರಶ್ನೆಗಳು ಮತ್ತೊಮ್ಮೆ ತಲೆಯೆತ್ತಿವೆ.

ಮಂಗಳೂರಿನಿಂದ ಉಡುಪಿಗೆ ಬರುವವನಿಗೆ ಗುರುಪುರದ ಹೊಳೆ, ಶಾಂಭವಿ, ಉದ್ಯಾವರದ ಹೊಳೆ ಮೊದಲಾದುವು ಅಡ್ಡವಾಗಿ ಹರಿಯುತ್ತವೆ. ದೋಣಿ ದಾಟುವ ಸ್ಥಳಕ್ಕೆ ಈ ಸೀಮೆಯಲ್ಲಿ ಕಡವು ಎಂಬ ಹೆಸರು ರೂಢವಾಗಿದೆ. ಸೇತುವೆಗಳಾಗುವ ಮೊದಲು ಕಾಪುವಿನ ಯಾತ್ರಿಕನಿಗೆ ತೆಂಕಲಾಗಲಿ ಬಡಗಲಾಗಲಿ ಕಡವಿನವನೇ ಗತಿ. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಸ್ಥಾಪಿತವಾದ ಮೇಲೆ ಮೋಟಾರು ಸಂಚಾರವು ಕ್ರಮೇಣ ವಿಸ್ತರಿಸಿತು. 1939ರ ಮೋಟಾರು ವಾಹನಗಳ ಶಾಸನದಿಂದ ಬಾಡಿಗೆಯ ವಾಹನಕ್ಕೆ ಪರ್ಮಿಟ್ಟಿನ ನಿಯಮವು ಬಂದಿತು. ಬಸ್ಸು ಹೋಗದೆಡೆಗೂ ಹೊತ್ತಲ್ಲದ ಹೊತ್ತಿನಲ್ಲಿಯೂ ಟ್ಯಾಕ್ಸಿಯು ಜನರಿಗೆ ಆಶ್ರಯವಾಯಿತು.

ಟ್ಯಾಕ್ಸಿ ಸ್ಟ್ಯಾಂಡಿನ ಧರ್ಮವು ಸರದಿ. ಮೊದಲು ಬಂದು ನಿಂತವನಿಗೆ ಮೊದಲ ಬಾಡಿಗೆ; ಹೋಗಿ ಬಂದವನು ಸಾಲಿನ ಕೊನೆಗೆ ನಿಲ್ಲತಕ್ಕದ್ದು. ಉಡುಪಿಯ ಎಂಟು ಮಠಗಳು ಎರಡೆರಡು ವರ್ಷಗಳಂತೆ ಕೃಷ್ಣಪೂಜೆಯನ್ನು ನಡೆಸುವ ಪದ್ಧತಿಗೆ ಪರ್ಯಾಯವೆಂದು ಹೆಸರು. ಆ ಶಬ್ದಕ್ಕೂ ಸರದಿಯೆಂದೇ ಅರ್ಥ. ಒಬ್ಬನ ಪಾಲನ್ನು ಇನ್ನೊಬ್ಬನು ಕಸಿಯಬಾರದೆಂಬುದೇ ಇದರ ತಾತ್ಪರ್ಯ. ಆದರೆ ಈ ಕ್ರಮದಲ್ಲಿ ದೋಷವಿಲ್ಲವೆಂದಲ್ಲ. ಅದು ಚಾಲಕರೊಳಗಿನ ನ್ಯಾಯವನ್ನು ಕಾಯುವುದೇ ಹೊರತು, ದರವನ್ನರಿಯದ ಪರಸ್ಥಳದವನನ್ನು ಕಾಯುವುದಿಲ್ಲ.

ಆ್ಯಪ್ ಈ ಕೊರತೆಯನ್ನು ನೀಗಿಸಿತು. ಏರುವ ಮೊದಲೇ ದರವು ತಿಳಿಯುವುದು. ಸಮೀಪದಲ್ಲಿರುವ ವಾಹನವೇ ಬರುವುದು. ಹಲವು ಪ್ರಾಂತಗಳ ವಿದ್ಯಾರ್ಥಿಗಳು ಸೇರಿರುವ ಮಣಿಪಾಲದಂತಹ ಊರಿಗೆ ಇದು ಒಪ್ಪತಕ್ಕದ್ದೇ. ಕಾರ್ಕಳದ ಒಳಗ್ರಾಮಗಳ ಸ್ಥಿತಿ ಬೇರೆ. ಅಲ್ಲಿಗೆ ಹೋದ ವಾಹನವು ಬರಿದಾಗಿ ಹಿಂದಿರುಗಬೇಕು. ಟ್ಯಾಕ್ಸಿಯವರು ಎರಡು ದಾರಿಯ ಬಾಡಿಗೆ ಕೇಳುವುದು ಲೋಭದಿಂದಲೇ ಎಂದು ನಿಶ್ಚಯಿಸಲಾಗದು. ಸರದಿಯು ಮುರಿದು ಪೇಟೆಯ ಲಾಭದ ಬಾಡಿಗೆಗಳೆಲ್ಲ ಆ್ಯಪ್‌ಗೆ ಸೇರಿದರೆ, ಹಳ್ಳಿಯ ನಡುರಾತ್ರಿಯ ರೋಗಿಗಾಗಿ ಸ್ಟ್ಯಾಂಡಿನಲ್ಲಿ ಕಾದಿರುವವನು ಉಳಿಯುವನೇ ಎಂಬುದೇ ಮುಖ್ಯವಾದ ಪ್ರಶ್ನೆ.

ಇನ್ನು ದರದ ವಿಚಾರ. ದೂರದ ಜಲಮಾರ್ಗದಲ್ಲಿ ದೇಶಕಾಲಗಳಿಗೆ ತಕ್ಕಂತೆ ಕೂಲಿಯು ಹೆಚ್ಚುಕಡಮೆಯಾಗಬಹುದೆಂದು ಮನುವು ಒಪ್ಪಿದ್ದಾನೆ. ದೇಶವೆಂದರೆ ನದಿಯ ಸೆಳೆತ ಅಥವಾ ನಿಶ್ಚಲತೆ, ಕಾಲವೆಂದರೆ ಗ್ರೀಷ್ಮವರ್ಷಾದಿಗಳು ಎಂದು ಕುಲ್ಲೂಕಭಟ್ಟನ ವಿವರಣೆ. ಕೌಟಿಲ್ಯನು ಮಹಾನದಿಗಳಲ್ಲಿ ಇಮ್ಮಡಿ ಶುಲ್ಕವನ್ನು ವಿಧಿಸಿದ್ದಾನೆ. ಇಲ್ಲೆಲ್ಲ ದರದ ಏರಿಕೆಗೆ ನಿಮಿತ್ತವು ದಾಟಿಸುವವನ ಶ್ರಮವೂ ಅಪಾಯವೂ ಆಗಿವೆ, ದಾಟುವವನ ಇಕ್ಕಟ್ಟಲ್ಲ. ಆ್ಯಪ್‌ನ ಏರುದರಕ್ಕಾದರೋ ಬೇಡಿಕೆಯೇ ನಿಮಿತ್ತ. ಕರ್ಣಾಟಕ ಸರಕಾರವು 2024ರ ಜನವರಿಯಲ್ಲಿ ಟ್ಯಾಕ್ಸಿಗಳಿಗೂ ಆ್ಯಪ್‌ಗಳಿಗೂ ಏಕರೂಪದ ದರವನ್ನು ವಿಧಿಸಿ, 10 ಲಕ್ಷ ರೂಪಾಯಿಯೊಳಗಿನ ಬೆಲೆಯ ವಾಹನಕ್ಕೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಅನಂತರ ಕಿಲೋಮೀಟರಿಗೆ 24 ರೂಪಾಯಿ ಎಂದು ಗೊತ್ತುಮಾಡಿತು. ಕೇಂದ್ರ ಸರಕಾರದ 2025ರ ಜುಲೈಯ ಮಾರ್ಗಸೂಚಿಯಾದರೋ ಮೂಲದರದ ಇಮ್ಮಡಿಯವರೆಗೆ ಏರಿಕೆಗೆ ಆಸ್ಪದ ಕೊಟ್ಟಿತು. ಸಂಖ್ಯೆಯು ಕೌಟಿಲ್ಯನದೇ, ಹೇತುವು ಮಾತ್ರ ಅವನದಲ್ಲ.

ಹೊಣೆಯ ವಿಷಯದಲ್ಲಿ ಶಾಸ್ತ್ರಗಳೊಳಗೇ ಭೇದವುಂಟು. ಅಂಬಿಗರ ತಪ್ಪಿನಿಂದ ಸರಕು ನಷ್ಟವಾದರೆ ಅಂಬಿಗರೆಲ್ಲರೂ ಕೂಡಿ ತೆರತಕ್ಕದ್ದೆಂದು ಮನುವಿನ ಮತ. ಆಳೂ ಉಪಕರಣವೂ ಸಾಲದ, ದುರಸ್ತಿಯಿಲ್ಲದ ನಾವೆಯು ಕೆಟ್ಟರೆ ನಾವಧ್ಯಕ್ಷನೇ ನಷ್ಟವನ್ನು ತುಂಬತಕ್ಕದ್ದೆಂದು ಕೌಟಿಲ್ಯನ ಮತ. ಇವು ಪರಸ್ಪರ ವಿರುದ್ಧವಲ್ಲ. ಹುಟ್ಟುಹಾಕುವವನ ದೋಷಕ್ಕೆ ಅವನು ಹೊಣೆ; ವ್ಯವಸ್ಥೆಯ ದೋಷಕ್ಕೆ ವ್ಯವಸ್ಥಾಪಕನು ಹೊಣೆ. ಆ್ಯಪ್ ಕಂಪೆನಿಗಳು ತಾವು ಕೇವಲ ಮಧ್ಯಸ್ಥರೆಂದು ವಾದಿಸುತ್ತ ಬಂದಿವೆ. ಆದರೆ ಬಾಡಿಗೆಯನ್ನು ಹಂಚುವವನೂ ತನ್ನ ಭಾಗವನ್ನು ಮುರಿದುಕೊಳ್ಳುವವನೂ ಅಧ್ಯಕ್ಷಸ್ಥಾನದಲ್ಲಿಯೇ ಇರುವನಷ್ಟೆ. 2019ರ ತಿದ್ದುಪಡಿಯು ಮೋಟಾರು ವಾಹನಗಳ ಶಾಸನದಲ್ಲಿ ಇಂತಹ ಕಂಪೆನಿಗಳಿಗೆ ಲಕ್ಷಣವನ್ನು ಹೇಳಿ ಲೈಸೆನ್ಸಿನ ಕಟ್ಟಿಗೆ ತಂದಿತು. ಕರ್ಣಾಟಕದ 2025ರ ಗಿಗ್ ಕಾರ್ಮಿಕರ ಶಾಸನವು ಕಾರ್ಮಿಕನಿಗೆ ಸಲ್ಲುವ ಹಣದ ಶೇಕಡ 1ರಿಂದ 5ರಷ್ಟನ್ನು ಕ್ಷೇಮನಿಧಿಗಾಗಿ ಕಂಪೆನಿಯೇ ತೆರತಕ್ಕದ್ದೆಂದು ವಿಧಿಸಿತು. ಕೌಟಿಲ್ಯನ ಪಕ್ಷಕ್ಕೆ ಇದರಿಂದ ಪುಷ್ಟಿ ದೊರೆತಂತಾಯಿತು.

ಆದಕಾರಣ ಹಳತು ಹೊಸತೆಂಬ ಭೇದದಿಂದ ಇಲ್ಲಿ ನಿರ್ಣಯವಾಗದು. ಸ್ಟ್ಯಾಂಡಿನವರು ದರವನ್ನು ಬಹಿರಂಗಪಡಿಸತಕ್ಕದ್ದು. ಆ್ಯಪ್‌ನವರು ಹೊಣೆಯನ್ನು ಹೊರತಕ್ಕದ್ದು. ಸೇತುವೆಗಳಾದ ಮೇಲೆ ಕಡವುಗಳು ಅಳಿದುವು. ಅದಕ್ಕಾಗಿ ಯಾರೂ ಸೇತುವೆಯನ್ನು ಹಳಿಯಲಿಲ್ಲ. ಆದರೆ ಸೇತುವೆಯು ಎಲ್ಲರನ್ನೂ ಎಲ್ಲ ಹೊತ್ತಿನಲ್ಲಿಯೂ ದಾಟಿಸಿತು. ಹೊಸ ವ್ಯವಸ್ಥೆಯೂ ಹಾಗೆ ದಾಟಿಸುವುದೋ ಇಲ್ಲವೋ ಎಂಬುದನ್ನು ಮಣಿಪಾಲದ ಹಗಲಿನಿಂದಲ್ಲ, ಕಾರ್ಕಳದ ಒಳಗ್ರಾಮದ ಮಳೆಗಾಲದ ರಾತ್ರಿಯಿಂದ ಪರೀಕ್ಷಿಸತಕ್ಕದ್ದು.