ಮಾತಾಡದ ಸಿಮ್ಮುಗಳ ಕತೆ

ಪರ್ತ್, ಬ್ರಿಸ್ಬೇನ್, ಅಡಿಲೇಡಿನಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆಲ್ಲ ವೆಲ್ಷ್‌ಪೂಲಿನಿಂದ ಬರೆಯುತ್ತಿದ್ದೇನೆ. ಕನ್ನಡ ಎಂ.ಎ. ಮಾಡಿದವಳು, ಇತಿಹಾಸ ಅಂದರೆ ಪಂಪನ ಕಾಲದಿಂದ ಶುರು ಮಾಡುತ್ತಾಳೆ ಎಂದು ನೀವು ಹೆದರಿದ್ದರೆ, ಈ ಸಲ ನಾನು ತಂದಿರುವುದು ಪಂಪನನ್ನಲ್ಲ, ಪಂಪ್‌ಸೆಟ್ಟನ್ನು. ಆದರೆ ಅದಕ್ಕೂ ಮೊದಲು ಒಬ್ಬ ಅಜ್ಜಿಯ ವಿಷಯ ಹೇಳಬೇಕು.

ನಮ್ಮ ಮನೆಯಿಂದ ಎರಡು ಬೀದಿ ಆಚೆ ಇರುವ ಅಜ್ಜಿ ಅವರು. ಊರು ಹಾಸನದ ಕಡೆ. ಮಗ ಉತ್ತರದ ಕಬ್ಬಿಣದ ಗಣಿಯಲ್ಲಿ, ಎರಡು ವಾರ ಅಲ್ಲಿ, ಒಂದು ವಾರ ಮನೆಯಲ್ಲಿ. ಸೊಸೆಗೆ ಪಾಳಿಯ ಕೆಲಸ. ಹಗಲೆಲ್ಲ ಅಜ್ಜಿ ಒಬ್ಬರೇ ಇರುತ್ತಾರೆಂದು ಮಗ ಅವರ ಕೊರಳಿಗೆ ಒಂದು ಪ್ಲಾಸ್ಟಿಕ್ ಪದಕ ಹಾಕಿಸಿದ್ದ. ಬಿದ್ದರೆ, ಎದೆ ನೋವು ಬಂದರೆ ಅದರ ಗುಂಡಿ ಒತ್ತಬೇಕು. ಟಿವಿ ಪಕ್ಕದ ಪೆಟ್ಟಿಗೆ ತಾನಾಗಿ ಫೋನ್ ಮಾಡಿ ಸಹಾಯ ಕರೆಯುತ್ತದೆ. 2024ರ ನವೆಂಬರ್ ಮೊದಲ ವಾರ ಅಜ್ಜಿ ಬಚ್ಚಲಲ್ಲಿ ಜಾರಿದರು. ಗುಂಡಿ ಒತ್ತಿದರು. ಮತ್ತೆ ಒತ್ತಿದರು. ಪೆಟ್ಟಿಗೆ ಸುಮ್ಮನಿತ್ತು. ಸೊಸೆ ಬರುವವರೆಗೆ ಎರಡೂವರೆ ಗಂಟೆ ತಣ್ಣನೆಯ ನೆಲದ ಮೇಲೆ ಬಿದ್ದಿದ್ದರು. ಮೂಳೆ ಮುರಿದಿರಲಿಲ್ಲ, ದೇವರು ದೊಡ್ಡವನು. ನಾನು ಓಡಿ ಹೋಗಿ ನೋಡಿದಾಗ ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಲೇ ಇತ್ತು. ಕರೆಂಟಿತ್ತು, ಬ್ಯಾಟರಿ ಇತ್ತು. ಇಲ್ಲದ್ದು ಒಂದೇ: ಅದು ಮಾತಾಡುತ್ತಿದ್ದ 3ಜಿ ಜಾಲ. ಆಸ್ಟ್ರೇಲಿಯಾದಲ್ಲಿ ಅದನ್ನು ಅಕ್ಟೋಬರ್ 28ರಂದು ಆರಿಸಲು ತೊಡಗಿದ್ದರು.

ಇದರಲ್ಲಿ ನನ್ನ ಪಾಲೂ ಇದೆ. ಆ ವರ್ಷವೆಲ್ಲ ಸ್ವಯಂಸೇವಕಿಯಾಗಿ ನಮ್ಮ ಹಿರಿಯರಿಗೆ ಫೋನ್ ಮಾಡಿ, 3 ಎಂಬ ಅಂಕಿಯನ್ನು 3498ಕ್ಕೆ ಮೆಸೇಜ್ ಮಾಡಿಸಿ, ಅವರ ಫೋನು ಉಳಿಯುತ್ತದೋ ಇಲ್ಲವೋ ನೋಡುತ್ತಿದ್ದವಳು ನಾನೇ. ಈ ಅಜ್ಜಿಯ ಫೋನನ್ನೂ ನೋಡಿದ್ದೆ, ಸರಿ ಇತ್ತು. ಕೊರಳಲ್ಲಿದ್ದ ಪದಕ ನನ್ನ ಕಣ್ಣಿಗೆ ಫೋನಾಗಿ ಕಾಣಲೇ ಇಲ್ಲ. ಮಾರಿದವರು ಒಂದು ಇಮೇಲ್ ಕಳಿಸಿದ್ದರಂತೆ, ಮಗ ಬಳಸುವುದನ್ನು ಬಿಟ್ಟ ಹಳೆಯ ವಿಳಾಸಕ್ಕೆ.

ಫೋನಲ್ಲದ ವಸ್ತುವಿನೊಳಗೆ ಸಿಮ್ ಕೂತು ಫೋನಿನ ಕೆಲಸ ಮಾಡುವುದು ಯಾವಾಗ ಶುರುವಾಯಿತು ಎಂದು ಆ ರಾತ್ರಿ ಹುಡುಕಲು ಕೂತೆ. ನಿಮ್ಮ ಸುತ್ತ ಎಷ್ಟಿವೆ ನೋಡಿ. ಕಾಫಿ ಅಂಗಡಿಯಲ್ಲಿ ಕಾರ್ಡು ತಾಗಿಸುವ ಎಷ್ಟೋ ಯಂತ್ರಗಳು, ನಿಮ್ಮ ಕೈಯ ವಾಚು, ಬ್ರಿಸ್ಬೇನಿನ ಬೀದಿಯಲ್ಲಿ ಬಾಡಿಗೆಗೆ ಸಿಗುವ ಸ್ಕೂಟರು. ನಮ್ಮ ವೆಲ್ಷ್‌ಪೂಲ್ ಅಂತೂ ಲಾರಿಗಳ ಊರು. ಗಣಿಗೆ ಸಾಮಾನು ಹೊತ್ತು ಹೊರಡುವ ಲಾರಿಗಳು ಎಲ್ಲಿವೆ ಎಂದು ಮಾಲೀಕನಿಗೆ ತಿಳಿಸುತ್ತಿರುವುದು ಡ್ರೈವರಲ್ಲ, ಒಳಗೆ ಕೂತ ಸಿಮ್ಮು. ನಾವು ಬೆಳಗಿನ ವಾಕಿಂಗಿಗೆ ಹೋದರೆ ಹಕ್ಕಿಗಳಿಗಿಂತ ಹೆಚ್ಚು ಸಿಮ್ಮುಗಳು ನಮ್ಮನ್ನು ದಾಟಿ ಹೋಗುತ್ತವೆ.

ಆಸ್ಟ್ರೇಲಿಯಾಕ್ಕೆ ಮೊಬೈಲ್ ಜಾಲ ಬಂದದ್ದು 1987ರ ಫೆಬ್ರವರಿಯಲ್ಲಿ. ಆಗ ಅದು ಬಹುಪಾಲು ಕಾರಿಗೆ ಕೂಡಿಸಿದ ಫೋನು. ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು, ಕಲ್ಕತ್ತೆಯಿಂದ ದಿಲ್ಲಿಗೆ. ಮಾತಾಡಿದವರು ಮುಖ್ಯಮಂತ್ರಿ ಜ್ಯೋತಿ ಬಸು ಮತ್ತು ಕೇಂದ್ರ ಸಚಿವ ಸುಖರಾಂ. ಆ ಕರೆ ಹೋದ ಜಾಲದ ಹೆಸರು ಮೋದಿ ಟೆಲ್‌ಸ್ಟ್ರಾ. ಹೌದು, ನಿಮ್ಮ ಮನೆಗೆ ಬಿಲ್ ಕಳಿಸುವ ಅದೇ ಟೆಲ್‌ಸ್ಟ್ರಾ! ಮೋದಿ ಅಂದರೆ ಇಲ್ಲಿ ಉದ್ಯಮಿ ಬಿ.ಕೆ. ಮೋದಿ. ಭಾರತದ ಮೊದಲ ಮೊಬೈಲ್ ಮಾತಿನಲ್ಲಿ ನಿಮ್ಮ ಈ ದೇಶಕ್ಕೂ ಪಾಲಿತ್ತು ಎಂದು ನಮ್ಮ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಮುಂದೆ ಅದೇ ಮೋದಿ ಗುಂಪು ಸ್ಪೈಸ್ ಎಂಬ ಹೆಸರಿನಲ್ಲಿ ಕರ್ನಾಟಕಕ್ಕೂ ಬಂತು.

ಅದೇ 1995ರಲ್ಲಿ ಜರ್ಮನಿಯ ಸೀಮೆನ್ಸ್ ಕಂಪನಿ ಎಂ1 ಎಂಬ ಸಣ್ಣ ಘಟಕ ತಂದಿತು. ಮನುಷ್ಯರಿಗಲ್ಲ, ಯಂತ್ರಗಳ ಒಳಗೆ ಕೂಡಿಸುವುದಕ್ಕೆ. ಮಾರನೆಯ ವರ್ಷ ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ತನ್ನ ದುಬಾರಿ ಕಾರುಗಳಿಗೆ ಆನ್‌ಸ್ಟಾರ್ ಕೊಟ್ಟಿತು. ಅಪಘಾತವಾದರೆ ಕಾರೇ ಫೋನ್ ಮಾಡುವ ಏರ್ಪಾಡು. ಅಜ್ಜಿಯ ಪೆಟ್ಟಿಗೆ ಆ ವಂಶದ್ದೇ. ಸಾಮಾನ್ಯ ಜನ ಹೀಗೊಂದು ವಸ್ತುವನ್ನು ಕೈಯಲ್ಲಿ ಹಿಡಿದದ್ದು ಬಹುಶಃ ಕಿಂಡಲ್ ಬಂದಾಗ. ಅಮೆರಿಕದಲ್ಲಿ 2007, ಆಸ್ಟ್ರೇಲಿಯಾಕ್ಕೆ 2009. ಅದರೊಳಗೆ ಫೋನಿನ ಜಾಲವಿತ್ತು, ತಿಂಗಳ ಬಿಲ್ ಇರಲಿಲ್ಲ. ಪುಸ್ತಕದ ಬೆಲೆಯಲ್ಲೇ ಅದನ್ನು ಸೇರಿಸಿದ್ದರು. ಬಿಲ್ ಕಾಣದಿದ್ದರೆ ಜಾಲ ಇದೆ ಎಂಬುದೂ ನೆನಪಿನಲ್ಲಿ ಉಳಿಯುವುದಿಲ್ಲ.

ಈಗ ಪಂಪ್‌ಸೆಟ್ಟಿಗೆ ಬರೋಣ. ನನ್ನ ತವರು ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲೂಕು, ಅಡಿಕೆ ಸೀಮೆ. ತೋಟಕ್ಕೆ ನೀರು ಬೋರ್‌ವೆಲ್ಲಿನಿಂದ. ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಕೊಡುವುದು ದಿನಕ್ಕೆ ಕೆಲವೇ ಗಂಟೆ, ಅದೂ ಒಂದು ವಾರ ಹಗಲು, ಒಂದು ವಾರ ರಾತ್ರಿ. ನಾನು ಚಿಕ್ಕವಳಿದ್ದಾಗ ರಾತ್ರಿ ಪಾಳಿ ಬಂದರೆ ಅಪ್ಪಾಜಿ ಬ್ಯಾಟರಿ, ಕೋಲು ಹಿಡಿದು ಎರಡು ಗಂಟೆಗೆ ತೋಟಕ್ಕೆ ಹೋಗುತ್ತಿದ್ದರು. ಅವ್ವ ಅವರು ಬರುವವರೆಗೆ ಮಲಗುತ್ತಿರಲಿಲ್ಲ. ಹಾವು, ಕತ್ತಲು, ಒದ್ದೆ ಕಾಲಿನಲ್ಲಿ ಸ್ಟಾರ್ಟರ್ ಮುಟ್ಟುವುದು, ಮೂರೂ ಜೀವಕ್ಕೆ ಅಪಾಯ. ಹೋದ ಮೇಲೆ ಕರೆಂಟೇ ಇಲ್ಲದಿದ್ದರೆ ವಾಪಸ್ಸು.

ಆಮೇಲೆ ಬಂತು ಮೊಬೈಲ್ ಸ್ಟಾರ್ಟರ್. ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಒಳಗೊಂದು ಸಿಮ್ಮು, ಹಳೆಯ ಸ್ಟಾರ್ಟರಿಗೆ ನಾಲ್ಕಾರು ತಂತಿ. ಮನೆಯ ಜಗುಲಿಯಿಂದ ಫೋನ್ ಮಾಡಿ ಒಂದು ಗುಂಡಿ ಒತ್ತಿದರೆ ಮೋಟಾರ್ ಚಾಲೂ. ಕರೆಂಟ್ ಬಂದರೆ, ಹೋದರೆ, ಬೋರಿನಲ್ಲಿ ನೀರು ನಿಂತು ಮೋಟಾರ್ ಸುಮ್ಮನೆ ತಿರುಗಿದರೆ ಅದೇ ತಿಳಿಸುತ್ತದೆ. ಕನ್ನಡದಲ್ಲಿ ಮಾತಾಡುವಂಥವೂ ಇವೆ. ಮಹಾರಾಷ್ಟ್ರದಲ್ಲಿ ನ್ಯಾನೋ ಗಣೇಶ್ ಎಂಬ ಹೆಸರಿನಿಂದ ಇದು ಪ್ರಸಿದ್ಧವಾಯಿತು. ಬೆಂಗಳೂರಿನ ಕಂಪನಿಯೊಂದು ಕಿಸಾನ್ ರಾಜಾ ಎಂದು ತಂದಿತು. ನಮ್ಮೂರಿಗೆ ಬಂದದ್ದು ಯಾವ ಹೆಸರೂ ಇಲ್ಲದ, ಪೇಟೆಯ ಮೋಟಾರ್ ರಿಪೇರಿ ಅಂಗಡಿಯವನು ಜೋಡಿಸಿಕೊಟ್ಟ ಪೆಟ್ಟಿಗೆ. ನೀವು ಸ್ಮಾರ್ಟ್ ಮನೆ, ಸ್ಮಾರ್ಟ್ ಲೈಟು ಅನ್ನುತ್ತೀರಲ್ಲ, ನಾಲ್ಕನೇ ಕ್ಲಾಸು ಓದಿದ ನಮ್ಮಪ್ಪಾಜಿ ಅದನ್ನು ನಿಮಗಿಂತ ಮೊದಲೇ ಬಳಸಿದರು.

ಇದರ ಹಿಂದಿನ ಅರ್ಥಶಾಸ್ತ್ರ ನನಗೆ ಬಹಳ ಇಷ್ಟ. ಭಾರತದಲ್ಲಿ ಮೊದಲು ಬರುವ ಕರೆಗೂ ದುಡ್ಡು ಕೊಡಬೇಕಿತ್ತು. 2003ರಲ್ಲಿ ಅದು ಹೋಯಿತು. ಆಗ ಹುಟ್ಟಿದ್ದು ಮಿಸ್ಡ್ ಕಾಲ್ ಎಂಬ ಮಹಾವಿದ್ಯೆ. ಒಂದು ರಿಂಗ್ ಆದರೆ ಬಸ್ ಇಳಿದೆ, ಎರಡಾದರೆ ಹಾಲು ತಾ. ಮಿಸ್ಡ್ ಕಾಲಿಗೇ ಮೋಟಾರ್ ಶುರು ಮಾಡುವ ಪೆಟ್ಟಿಗೆಗಳೂ ಬಂದವು. ರೈತನಿಗೆ ಖರ್ಚಿಲ್ಲ, ಕಂಪನಿಗೆ ಆದಾಯವೂ ಇಲ್ಲ! ಆದಾಯ ತರದ ಸಿಮ್ಮನ್ನು ಯಾರು ಎಷ್ಟು ದಿನ ಸಾಕುತ್ತಾರೆ? 2018ರ ಕೊನೆಗೆ ದೊಡ್ಡ ಕಂಪನಿಗಳು ಕನಿಷ್ಠ ರೀಚಾರ್ಜ್ ಎಂಬ ನಿಯಮ ತಂದವು. ದುಡ್ಡು ಹಾಕದಿದ್ದರೆ ಬರುವ ಕರೆಯೂ ಬಂದ್. ಒಂದು ಬೆಳಿಗ್ಗೆ ತಮ್ಮ ಫೋನಿನಲ್ಲಿ ಗೊಣಗಿದ್ದು ನೆನಪಿದೆ, "ಅಕ್ಕಾ, ಈಗ ಮೋಟ್ರಿಗೂ ರೀಚಾರ್ಜ್ ಮಾಡಿಸ್ಬೇಕಂತೆ." ಮನುಷ್ಯರ ಸಿಮ್ಮಿಗೆ ಮಾಡಿದ ನಿಯಮ ತೋಟದ ಸಿಮ್ಮಿಗೂ ಬಡಿದಿತ್ತು. ಅದೇ ವರ್ಷ ಭಾರತ ಸರ್ಕಾರ ಯಂತ್ರಗಳಿಗೆಂದೇ 13 ಅಂಕಿಯ ಬೇರೆ ನಂಬರು ಕೊಡಲು ಶುರು ಮಾಡಿತ್ತು. ಆದರೆ ಅದು ವಿದ್ಯುತ್ ಮೀಟರ್, ವಾಹನ, ಕಾರ್ಡ್ ಯಂತ್ರಗಳಂಥ ದೊಡ್ಡ ಲೆಕ್ಕದವರಿಗೆ. ರಿಪೇರಿ ಅಂಗಡಿಯವನ ಪೆಟ್ಟಿಗೆಗೆ ಅದರ ಗಾಳಿಯೂ ಸೋಕಲಿಲ್ಲ.

ಕರ್ನಾಟಕದಲ್ಲಿ ಇನ್ನೊಂದು ಜಾಲ ಇದೆ, ನೀವು ರಜೆಗೆ ಊರಿಗೆ ಹೋದಾಗ ಪಕ್ಕದಲ್ಲೇ ಓಡಾಡಿದ್ದರೂ ಗಮನಿಸಿರುವುದಿಲ್ಲ. ಪಂಚಾಯಿತಿ ಕಚೇರಿಯ ಹತ್ತಿರ ಸಣ್ಣ ಬೇಲಿ, ಅದರೊಳಗೆ ಒಂದು ಕಂಬ, ಪುಟ್ಟ ಸೋಲಾರ್ ಹಲಗೆ, ಬಿಳಿ ಡಬ್ಬಿ. ಅದು ಮಳೆಮಾಪಕ. ಹಿಂದೆ ಮಳೆ ಅಳೆಯುತ್ತಿದ್ದುದು ದಿನಕ್ಕೊಮ್ಮೆ, ಬೆಳಿಗ್ಗೆ ಎಂಟೂವರೆಗೆ, ಅದೂ ತಾಲೂಕಿನಲ್ಲಿ ಎಲ್ಲೋ ಕೆಲವು ಕಡೆ. ಪೇಟೆಯಲ್ಲಿ ಮಳೆ ಸುರಿದು ನಮ್ಮೂರಲ್ಲಿ ಒಂದು ಹನಿ ಬೀಳದಿದ್ದರೂ ಸರ್ಕಾರದ ಪುಸ್ತಕದಲ್ಲಿ ನಮಗೂ ಮಳೆಯೇ. 1988ರಲ್ಲಿ ಕರ್ನಾಟಕ ಬರಗಾಲ ನೋಡಿಕೊಳ್ಳುವುದಕ್ಕೆಂದೇ ಒಂದು ಘಟಕ ಕಟ್ಟಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. ಅದು ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಆ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕ ನೆಟ್ಟಿದೆ. ಒಳಗೆ ಏತದ ಹಾಗೆ ಅತ್ತಿಂದಿತ್ತ ವಾಲುವ ಪುಟ್ಟ ಬಟ್ಟಲು. ತುಂಬಿದರೆ ಒಂದು ಕಡೆ ಬಗ್ಗಿ ನೀರು ಚೆಲ್ಲುತ್ತದೆ. ಎಷ್ಟು ಸಲ ಬಗ್ಗಿತು ಎಂಬುದೇ ಮಳೆಯ ಲೆಕ್ಕ. ಸಿಮ್ಮು ಆ ಲೆಕ್ಕವನ್ನು 15 ನಿಮಿಷಕ್ಕೊಮ್ಮೆ ಬೆಂಗಳೂರಿನ ಯಲಹಂಕಕ್ಕೆ ಕಳಿಸುತ್ತದೆ. ರೈತ ಅಲ್ಲಿಯ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ತನ್ನ ಊರಿನ ಮಳೆಯ ಸಂಗತಿ ಕನ್ನಡದಲ್ಲಿ ಕೇಳಬಹುದು.

ಇಷ್ಟು ಚೆಂದದ ಏರ್ಪಾಡಿಗೂ ಒಂದು ಮುಳ್ಳಿದೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆವಿಮೆಗೆ ಇವೇ ಅಂಕಿಗಳು ಆಧಾರ. ಮಳೆ ಅತಿಯಾಗಿ ಕೊಳೆರೋಗ ಬಂತೆಂದು ರೈತನ ಕಣ್ಣು ಹೇಳಿದರೆ ಸಾಲದು, ಡಬ್ಬಿಯೂ ಹೇಳಬೇಕು. ಡಬ್ಬಿ ಕೆಟ್ಟರೆ, ಸಿಗ್ನಲ್ ಹೋದರೆ? ಉತ್ತರ ಕನ್ನಡ, ದಕ್ಷಿಣ ಕನ್ನಡದ ಬೆಳೆಗಾರರು ಮಳೆಮಾಪಕ ಕೆಟ್ಟು ವಿಮೆ ಸರಿಯಾಗಿ ಸಿಗಲಿಲ್ಲವೆಂದು ದೂರಿದ್ದನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ಅಜ್ಜಿಯ ಪೆಟ್ಟಿಗೆಯ ಹಸಿರು ದೀಪವೇ ಕಣ್ಣಿಗೆ ಬಂತು. ಕೆಟ್ಟ ಫೋನು ಕೆಟ್ಟಿದೆ ಎಂದು ಅದೇ ದಿನ ತಿಳಿಯುತ್ತದೆ, ಯಾಕೆಂದರೆ ನಾವು ಅದರಲ್ಲಿ ಮಾತಾಡುತ್ತೇವೆ. ಮಾತಾಡದ ಸಿಮ್ಮು ಸತ್ತರೆ ತಿಳಿಯುವುದು ಅದು ಬೇಕಾದ ದಿನ.

ಈ ಮಾರುಕಟ್ಟೆಯ ಭವಿಷ್ಯ ಹೇಳುವವರನ್ನು ನಾನು ಕಣಿ ಹೇಳುವವರಷ್ಟೇ ನಂಬುತ್ತೇನೆ. 2010ರಲ್ಲಿ ಎರಿಕ್ಸನ್ ಕಂಪನಿಯ ಮುಖ್ಯಸ್ಥರು 2020ಕ್ಕೆ 5,000 ಕೋಟಿ ವಸ್ತುಗಳು ಜಾಲಕ್ಕೆ ಸೇರುತ್ತವೆ ಎಂದಿದ್ದರು. 2020 ಬಂತು, ಹೋಯಿತು. ಅದರ ಹತ್ತಿರಕ್ಕೂ ಹೋಗಲಿಲ್ಲ. ಹಾಗೆಂದು ಬೆಳೆದಿಲ್ಲ ಎಂದಲ್ಲ. 2022ರ ಆಗಸ್ಟ್ ಕೊನೆಗೆ ಚೀನಾದಲ್ಲಿ ಮೊಬೈಲ್ ಜಾಲದ ವಸ್ತುಗಳು ಸುಮಾರು 170 ಕೋಟಿಯಾಗಿ, ಅಲ್ಲಿನ ಮನುಷ್ಯರ ಫೋನ್ ಸಂಪರ್ಕಗಳನ್ನು ಮೊದಲ ಸಲ ದಾಟಿದವು. ಈ ಬೆಳವಣಿಗೆಯಲ್ಲಿ ಕಾನೂನಿನ ಕೈಯೂ ದೊಡ್ಡದು. ಯುರೋಪಿನಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳು ಅಪಘಾತವಾದರೆ ತಾವೇ ಫೋನ್ ಮಾಡಲೇಬೇಕು ಎಂದು ನಿಯಮವಾಯಿತು.

ಆದರೆ ಜಾಲದ ಆಯಸ್ಸು ವಸ್ತುವಿನ ಆಯಸ್ಸಿಗೆ ಹೊಂದುವುದಿಲ್ಲ. ಮೋಟಾರು, ಮೀಟರು, ಲಾರಿ ಇಪ್ಪತ್ತು ವರ್ಷ ಬಾಳಬಹುದು. ಇಲ್ಲಿ ಟೆಲ್‌ಸ್ಟ್ರಾ 2ಜಿ ಜಾಲ ನಿಲ್ಲಿಸಿದ್ದು 2016ರ ಡಿಸೆಂಬರ್ 1ರಂದು, ಉಳಿದವರು 2018ರೊಳಗೆ. ಅದು ಹೋಗುತ್ತದೆಂದು ಜನ ತಮ್ಮ ವಸ್ತುಗಳನ್ನು 3ಜಿಗೆ ಬದಲಿಸಿಕೊಂಡರು. ಎಂಟು ವರ್ಷಕ್ಕೆ ಅದೂ ಹೋಯಿತು. ಮೊದಲು 2024ರ ಜೂನ್ ಅಂದರು, ಆಮೇಲೆ ಆಗಸ್ಟ್, ಕೊನೆಗೆ ಅಕ್ಟೋಬರ್. ಮುಂದೂಡಿದ್ದಕ್ಕೆ ಕಾರಣ, 4ಜಿ ಫೋನುಗಳಲ್ಲೇ ಲಕ್ಷಾಂತರ 000ಗೆ ಕರೆ ಮಾಡಲು 3ಜಿಯನ್ನೇ ಹಿಡಿಯುತ್ತಿದ್ದವು. ಮಾರ್ಚಿನಲ್ಲಿ ಸಚಿವರು ಹೇಳಿದ ಲೆಕ್ಕ 7 ಲಕ್ಷ 40 ಸಾವಿರ. ಜಪಾನಿನಲ್ಲಿ ಡೊಕೊಮೊ ಕಂಪನಿ ವಸ್ತುಗಳಿಗೆಂದೇ 2019ರ ಏಪ್ರಿಲಿನಲ್ಲಿ ಒಂದು ಜಾಲಸೇವೆ ತೆರೆದು, ವರ್ಷ ತುಂಬುವುದರೊಳಗೆ 2020ರ ಮಾರ್ಚಿನಲ್ಲಿ ಮುಚ್ಚಿತು. ಭಾರತದಲ್ಲಿ ಇನ್ನೂ ತಮಾಷೆ. ಏರ್‌ಟೆಲ್ 3ಜಿಯನ್ನು ಮುಚ್ಚಿ, ಅದಕ್ಕಿಂತ ಹಳೆಯ 2ಜಿಯನ್ನು ಉಳಿಸಿಕೊಂಡಿತು. ಅಣ್ಣ ಇರುವಾಗಲೇ ತಮ್ಮ ಹೋದ ಹಾಗೆ. ಗುಂಡಿ ಫೋನಿನ ಕೋಟ್ಯಂತರ ಬಡವರು 2ಜಿಯಲ್ಲೇ ಇದ್ದಾರೆ. ಅವರ ನೆರಳಿನಲ್ಲಿ ನಮ್ಮಪ್ಪಾಜಿಯ ಪೆಟ್ಟಿಗೆಯೂ ಬದುಕಿದೆ.

ಅಡಿಲೇಡಿನವರು ಕೇಳಬಹುದು, ನಮ್ಮ ಊರಿನದೇನೂ ಇಲ್ಲವೇ ಎಂದು. ಇದೆ. 2015ರಲ್ಲಿ ಅಲ್ಲಿ ಶುರುವಾದ ಮಿರಿಯೋಟ ಎಂಬ ಕಂಪನಿ, ಟವರೇ ಇಲ್ಲದ ಒಳನಾಡಿನ ನೀರಿನ ತೊಟ್ಟಿಗಳ ಸುದ್ದಿಯನ್ನು ಉಪಗ್ರಹದ ಮೂಲಕ ತರುತ್ತದೆ. ನಿಮ್ಮಲ್ಲಿ ಇಂಜಿನಿಯರಿಂಗ್ ಓದುವವರು ಹೋಗಿ ನೋಡಿ, ಉಪಗ್ರಹ ಮುದಿಯಾದರೆ ತೊಟ್ಟಿಯ ಗತಿ ಏನು ಎಂದು ನನ್ನ ಪರವಾಗಿ ಕೇಳಿ.

ಅಜ್ಜಿಗೆ ಹೊಸ ಪದಕ ಬಂದಿದೆ, 4ಜಿಯದು. ಕೂಡಿಸಲು ಬಂದ ಹುಡುಗನನ್ನು ಅವರು ನನ್ನ ಬಾಯಿಂದ ಕೇಳಿಸಿದ ಮೊದಲ ಪ್ರಶ್ನೆ, "ಇದು ಎಷ್ಟು ವರ್ಷಕ್ಕೆ ಸಾಯುತ್ತೆ ಕೇಳವ್ವ." ಬ್ಯಾಟರಿ ಮೂರು ವರ್ಷ ಅಂದ. ಬ್ಯಾಟರಿ ಅಲ್ಲ, ಜಾಲ ಅಂದೆ. ಅವನು ನಕ್ಕು ಭುಜ ಹಾರಿಸಿದ. ಆ ಮೇಲೆ ನಾವೇ ಒಂದು ಪದ್ಧತಿ ಮಾಡಿಕೊಂಡೆವು. ತಿಂಗಳ ಮೊದಲ ಭಾನುವಾರ ತಿಂಡಿಯಾದ ಮೇಲೆ ಅಜ್ಜಿ ಗುಂಡಿ ಒತ್ತುತ್ತಾರೆ, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಅತ್ತಲಿಂದ ಯಾರೋ ಹುಡುಗಿ ಗಾಬರಿಯಿಂದ ಏನಾಯಿತು ಅನ್ನುತ್ತಾಳೆ. ಇಂಗ್ಲಿಷ್ ಬಾರದ ಅಜ್ಜಿ ಪೆಟ್ಟಿಗೆಯ ಕಡೆ ಬಗ್ಗಿ ಜೋರಾಗಿ, "ಏನಿಲ್ಲ ಕಣವ್ವ, ಇದ್ದೀಯಾ ಅಂತ ನೋಡ್ದೆ" ಅನ್ನುತ್ತಾರೆ.