ಆಟದ ಅಭ್ಯಾಸದಿಂದ ಮಿದುಳಿನ ‘ಬ್ರೇಕ್’ ಚುರುಕಾಗುತ್ತದೆಯೇ?

ದೊಡ್ಡಬಳ್ಳಾಪುರದ ಯಾವುದಾದರೂ ಶಾಲಾ ಮೈದಾನದಲ್ಲಿ ಖೋ-ಖೋ ನೋಡಿ. ಎದುರಾಳಿ ಪಕ್ಕದಲ್ಲೇ ಓಡಿದರೂ, ಬೆನ್ನು ಮುಟ್ಟಿ ‘ಖೋ’ ಅನ್ನುವ ತನಕ ಕೂತವರು ಏಳುವಂತಿಲ್ಲ, ಎದ್ದರೆ ಫೌಲ್. ಏಳಲು ಹೊರಟ ಕಾಲಿಗೆ ಬ್ರೇಕ್ ಹಾಕುವುದು ಮಿದುಳು. ಅದರ ಬಲ ಮುಂಭಾಗ ಮತ್ತು ಆಳದಲ್ಲಿರುವ ಪುಟ್ಟ ಕೇಂದ್ರವೊಂದು ಸೇರಿ ಮಾಡುವ ಈ ಕೆಲಸಕ್ಕೆ ಸುಮಾರು ಕಾಲು ಸೆಕೆಂಡು ಸಾಕು.

2013ರಲ್ಲಿ ಪ್ರಕಟವಾದ ತೈವಾನ್ ಅಧ್ಯಯನವೊಂದರಲ್ಲಿ, ಬಟನ್ ಒತ್ತಲು ಹೊರಟ ಬೆರಳನ್ನು ಟೆನಿಸ್ ಆಟಗಾರರು ಈಜುಗಾರರಿಗಿಂತ ಬೇಗ ತಡೆದರು. ಈಜು ಸುಲಭ ಅಂತಲ್ಲ. ಟೆನಿಸ್‌ನಲ್ಲಿ ಎದುರಾಳಿಯನ್ನು ನೋಡಿ ಕ್ಷಣಕ್ಷಣಕ್ಕೂ ನಿರ್ಧಾರ ಬದಲಿಸಬೇಕು. ಖೋ-ಖೋ ಕೂಡ ಅಂಥದ್ದೇ ಆಟ.

ಹಾಗಂತ ‘ಆಟಕ್ಕೆ ಸೇರಿಸಿ, ಮಗುವಿನ ಹಠ ನಿಲ್ಲುತ್ತೆ’ ಅನ್ನುವ ಫಾರ್ವರ್ಡ್‌ಗೆ ಇದು ಪುರಾವೆಯಲ್ಲ. ಇಲ್ಲಿ ಅಳೆದದ್ದು ಬೆರಳನ್ನು, ಹಠವನ್ನಲ್ಲ. ಅಭ್ಯಾಸದಿಂದ ಬ್ರೇಕ್ ಚುರುಕಾಯಿತೋ, ಬ್ರೇಕ್ ಚುರುಕಿದ್ದವರೇ ಆಟದಲ್ಲಿ ಉಳಿದರೋ ಅನ್ನುವುದೂ ಇಂಥ ಹೋಲಿಕೆಯಿಂದ ಗೊತ್ತಾಗುವುದಿಲ್ಲ.