ಸೋಶಿಯಾಲಜಿ ಓದಿ ಏನ್ ಮಾಡ್ತಾರೆ?

ಹೋದ ಉಗಾದಿಗೆ ಹುಲಿಹೈದರಕ್ಕೆ ಹೋಗಿದ್ದೆ. ಗಂಗಾವತಿಯಲ್ಲಿ ಬಿ.ಎ. ಓದ್ತಿರೋ ಚಿಕ್ಕಪ್ಪನ ಮಗಳು ಕೇಳಿದಳು, "ಅಣ್ಣಾ, ನಿಂದೇನೋ ಇಂಜಿನಿಯರಿಂಗ್ ಆತು. ನಾ ಸೋಶಿಯಾಲಜಿ ತಗೊಂಡೀನಿ, ನಂಗ್ಯಾರು ಕೆಲಸ ಕೊಡ್ತಾರ?" ತಕ್ಷಣ ಉತ್ತರ ಹೊಳೀಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಹಳೇ ಕಥೆ ಕೆದಕುತ್ತಾ ಕೂತೆ.

ನಮ್ಮ ದೇಶದಲ್ಲಿ ಬಾಂಬೆ ವಿಶ್ವವಿದ್ಯಾಲಯ ಸಮಾಜಶಾಸ್ತ್ರಕ್ಕೆ ವಿಭಾಗ ತೆರೆದಿದ್ದು 1919ರಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎ.ಆರ್. ವಾಡಿಯಾ ಅವರ ಕಾಲದಲ್ಲಿ ಇದು ಸಾಮಾಜಿಕ ತತ್ತ್ವಶಾಸ್ತ್ರದ ಹೆಸರಲ್ಲಿತ್ತು. ಅಲ್ಲಿ 1936ರಲ್ಲಿ ಆನರ್ಸ್ ಮುಗಿಸಿದ ಎಂ.ಎನ್. ಶ್ರೀನಿವಾಸ್ ಬಾಂಬೆಗೆ ಹೋಗಿ ಘುರ್ಯೆ ಅವರ ಶಿಷ್ಯರಾದರು. ಜೊತೆಗೆ ಕಾನೂನನ್ನೂ ಓದಿದರು. ಯಾಕೆ ಅಂತ ನೀವೇ ಊಹಿಸಿ!

ಅದೇ 1936ರಲ್ಲಿ ಬಾಂಬೆಯಲ್ಲಿ ಟಾಟಾದವರ ಸಮಾಜಕಾರ್ಯ ಶಾಲೆ ಶುರುವಾಯ್ತು. ಮುಂದೆ ನಮ್ಮ ವಾಡಿಯಾ ಅವರೇ ಅದರ ನಿರ್ದೇಶಕರಾದರು. 1948ರ ಕಾರ್ಖಾನೆ ಕಾಯ್ದೆ, ಐನೂರು ಅಥವಾ ಹೆಚ್ಚು ಕಾರ್ಮಿಕರಿರೋ ಕಡೆ ಕಲ್ಯಾಣಾಧಿಕಾರಿ ಇರಲೇಬೇಕು ಅಂತ ಹೇಳಿತು. ಕಾಯ್ದೆಯ ಒಂದು ಕಲಮು ಒಂದು ನೌಕರಿಯನ್ನೇ ಹುಟ್ಟಿಸಿತು ನೋಡಿ.

ಆದರೆ ನಮ್ಮೂರು 1948ರವರೆಗೆ ನಿಜಾಮರ ಕೈಯಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ನಮ್ಮ ಕಡೆ ಬಿ.ಎ. ಅಂದ್ರೆ ಬಿ.ಎಡ್. ಮಾಡು, ಇಲ್ಲಾ ಸರ್ಕಾರಿ ಪರೀಕ್ಷೆ ಕಟ್ಟು, ಅಷ್ಟೇ. ಯುಪಿಎಸ್‌ಸಿ ಕೂಡ 2013ರಲ್ಲಿ ಎರಡು ಐಚ್ಛಿಕ ವಿಷಯಗಳನ್ನು ಒಂದಕ್ಕಿಳಿಸಿತು. ರಾಜ್ಯದಲ್ಲಿ ಪದವಿಯನ್ನು 2021ರಲ್ಲಿ ನಾಲ್ಕು ವರ್ಷ ಮಾಡಿದ್ರು, 2024ರಲ್ಲಿ ಮತ್ತೆ ಮೂರಕ್ಕೆ ತಂದ್ರು. ತಂಗಿಯ ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ.

ಹುಡುಕುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಒಂದು ವಿಷಯ. 1982ರಲ್ಲಿ ದೇವದಾಸಿ ನಿಷೇಧ ಕಾಯ್ದೆ ಬಂತು. ಕಾಯ್ದೆ ಬಂದ್ರೆ ಸಾಕೇ? ಪುನರ್ವಸತಿ ಕೊಡೋದು ಯಾರಿಗೆ ಅಂತ ಗೊತ್ತಾಗಬೇಕಲ್ಲ? ಅದಕ್ಕೇ 1993-94ರಲ್ಲಿ, ಮತ್ತೆ 2007-08ರಲ್ಲಿ ಸರ್ವೆ ನಡೀತು. ನಮ್ಮ ಕೊಪ್ಪಳವೂ ಅದರಲ್ಲಿತ್ತು. ಪಟ್ಟಿಯಲ್ಲಿ ಹೆಸರಿಲ್ಲದ ಹೆಣ್ಣುಮಗಳಿಗೆ ಪಿಂಚಣಿ ಇಲ್ಲ, ಮನೆ ಇಲ್ಲ. ಅಂಥಾ ಪ್ರಶ್ನೆಯನ್ನ ಒಬ್ಬ ತಾಯಿಗೆ ಹೇಗೆ ಕೇಳೋದು, ಅವಳು ಸುಮ್ಮನಾದರೆ ಏನಂತ ತಿಳ್ಕೊಳ್ಳೋದು? ಇದನ್ನ ಯಾವ ಸಾಫ್ಟ್‌ವೇರೂ ಕಲಿಸಲ್ಲ. ಇದೇ ಸಮಾಜಶಾಸ್ತ್ರ, ಮತ್ತು ಇದೊಂದು ಕೆಲಸ. ಶ್ರೀನಿವಾಸ್ ಕೂಡ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ಕೂತೇ ಕಲಿತದ್ದು.

ನಮ್ಮ ಹುಡುಗಿಯರು ಹಳ್ಳಿಗೆ ಹೋಗಬೇಕಿಲ್ಲ, ಅಲ್ಲೇ ಇದ್ದಾರೆ. ಆದರೆ ಮೂರು ವರ್ಷ ಗೈಡ್ ಉರು ಹೊಡೆದು, ಒಂದು ಮನೆ ಬಾಗಿಲನ್ನೂ ತಟ್ಟದೆ ಡಿಗ್ರಿ ಮುಗಿದು ಹೋಗೋದೂ ಉಂಟು.

ತಂಗಿಗೆ ಫೋನ್ ಮಾಡಿ ಹೇಳಿದೆ: "ನಮ್ಮ ಓಣ್ಯಾಗ ಗುಳೆ ಹೋದೋರು ಎಷ್ಟು ಮಂದಿ, ಎಲ್ಲಿಗೆ, ಯಾಕ ಅಂತ ಐವತ್ತು ಮನಿ ಕೇಳ್ಕೊಂಡು ಬಾ. ಎಕ್ಸೆಲ್‌ನಾಗ ಹಾಕೋದು ನಾ ಕಲಿಸ್ತೀನಿ."

ಮರುದಿನ ಅವಳದೇ ಫೋನು. "ಅಣ್ಣಾ, ಮೊದಲನೇ ಮನ್ಯಾಗೇ 'ಇದು ಯಾವ ಸ್ಕೀಮಿಂದವ್ವಾ, ರೊಕ್ಕ ಯಾವಾಗ ಬರ್ತದ' ಅಂದ್ರು."

"ಅದನ್ನೂ ಬರ್ಕೋ" ಅಂದೆ.